ನೂರಿ ಸೋಡಾ, ರಾಯಚೂರು

ನಮ್ಮಪ್ಪ ಸಾಲಿ ಕಲಿತಾಂವಲ್ಲ.
ಆದರ ಯಾವ ಡಬ್ಬಿ ಯಾವ ಕಾಲದ್ದು ಅಂತ
ತುಕ್ಕು ಮೂಸಿ ಹೇಳತಿದ್ದ.
ತೀನ್ ಕಂದೀಲ್ ಹಿಂದಿನ ಓಣ್ಯಾಗ ತಗಡಿನ ನೆರಳು,
ಸರಪಳಿ ತಕ್ಕಡಿ, ಹಲಗಿ ಮ್ಯಾಲೆ ಸುಣ್ಣದ ಅಕ್ಷರ:
ಹುಸೇನಪ್ಪ, ರದ್ದಿ ಅಂಗಡಿ.
ಅಂವ ಹೋದ ಮ್ಯಾಲೆ ‘ಪ್ಪ’ ಅಳಿಸಿ ‘ಮ್ಮ’ ಬರದೀನಿ.
ಸುಣ್ಣ ಉಳೀತು.

ಮೊದಲು ಗಾಜು.
ಬಾಟ್ಲಿ ಅಂದರ ಆಗ ತಿರುಗಿ ಬರೂ ಸಾಮಾನು,
ತವರಿಗೆ ಹೋದ ಸೊಸಿ ಹಂಗ.
ಕಿಲ್ಲಾದೊಳಗ ಜಿಲಾನಿ ಸಾಬನ ಮಷೀನು
ಬಾಟ್ಲಿ ತಲಿಕೆಳಗ ಮಾಡಿ ಗರಗರ ತಿರುಗಿಸಿ
ಗೋಲಿ ತಂದು ಬಾಯಿಗೆ ಕೂಡಿಸತಿತ್ತು.
ಗಾಜಿನ ಮೈಯಾಗೇ ಉಬ್ಬಿದ ಹೆಸರು,
ಅಂಟಿಸಿದ್ದಲ್ಲ, ತೊಳದರ ಹೋಗೂದಲ್ಲ.
ಕಣ್ಣಿಲ್ಲದ ಮುದುಕ ಒಬ್ಬಾಂವ
ಬೆರಳಾಡಿಸಿ ‘ನೂರಿ ಹೌದು’ ಅಂದ ಮ್ಯಾಲೇ ಕುಡೀತಿದ್ದ.

ಆಮ್ಯಾಲೆ ತಗಡು.
ಬಿಸ್ಕೀಟಿಂದು, ವನಸ್ಪತಿದು, ಹಾಲಿನ ಪುಡಿದು.
ಅಂಗಡಿ ಬಿಟ್ಟ ಡಬ್ಬಿ ನಮ್ಮಲ್ಲಿಗೆ ಬಂದು ಮುಟ್ಟಾಕ
ಇಪ್ಪತ್ತು ವರ್ಷ ಹಿಡೀತಿತ್ತು.
ಮೊದಲು ಜ್ವಾಳದ ಹಿಟ್ಟು, ಮುಂದ ಸಜ್ಜಿ,
ತಳ ಸೋರಿದ ಮ್ಯಾಲೆ ತುಳಸಿ,
ತುಳಸಿ ಬೇರು ತಗಡ ತಿಂದ ಮ್ಯಾಲೆ ನಾವು.
ಒಂದು ಮಯೂರ ಬಿಸ್ಕೀಟಿನ ಡಬ್ಬಿ ಮುಚ್ಚಳ ಎಬ್ಬಿಸಿದರ
ಒಳಗ ಹೊಲದ ಪಹಣಿ, ಒಂಟಿ ಕಾಲುಂಗುರ,
ಮತ್ತ ಅಷ್ಟು ವರ್ಷದ ಮ್ಯಾಲೂ
ಸಕ್ಕರಿ ವಾಸನಿ.
ಮನಿ ಹುಡುಕಿ ತಿರುಗಿ ಕೊಟ್ಟು ಬಂದ್ನಿ.

ಒಂದು ಬ್ಯಾಸಗ್ಯಾಗ ದೊಡ್ಡ ಲಾರಿ ಬಂತು.
ಕಿರಾಣಿಯವರಿಗೆ ಪುಕ್ಕಟ ಫ್ರಿಜ್ಜು,
ಕರಾರು ಒಂದೇ:
ಇದರಾಗ ಬ್ಯಾರೇದವರ ಬಾಟ್ಲಿ ಇಡಬಾರದು.
ಜಿಲಾನಿ ಸಾಬ ಬರ್ಫಿನ ಪೆಟ್ಟಿಗಿ ನೆಚ್ಚಿ
ಎರಡು ಬ್ಯಾಸಗಿ ನಿಂತ.
ಮೂರನೇದಕ್ಕ ಬಂಡಿ ತುಂಬ ನೂರಿ ಹೇರಿಕೊಂಡು ಬಂದು
‘ತೂಗು ಹುಸೇನಪ್ಪಾ’ ಅಂದ.
ಅಪ್ಪ ತೂಗಿದ. ಗೋಲಿಗೆ ಬ್ಯಾರೆ ರೇಟಿಲ್ಲ ಅಂದ.
‘ಬಿಡು, ಕೂಸುಗಳು ಆಡ್ಲಿ.’
ಆ ಮಧ್ಯಾಹ್ನ ಓಣಿ ತುಂಬ ಗಾಜು ಒಡಿಯೂ ಸಪ್ಪಳ.
ನನ್ನ ಲಂಗದ ಉಡ್ಯಾಗ ನಲವತ್ತಾರು ಗೋಲಿ.
ಅಷ್ಟು ಸಂತೋಷ ನಾ ಮುಂದ ಲಗ್ನದಾಗೂ ಪಟ್ಟಿಲ್ಲ.

ಪ್ಲಾಸ್ಟಿಕ್ಕಿನ ಮಾತು ಏನು ಹೇಳ್ಲಿ.
ಗೋಣಿ ತುಂಬಿದರೂ ತಕ್ಕಡಿ ಮಿಸುಕೂದಿಲ್ಲ.
ಅತ್ತ ಕೃಷ್ಣಿ, ಇತ್ತ ತುಂಗಭದ್ರಿ,
ನಡುವ ಕುಂತು ನಾವು ಖಾಲಿ ನೀರಿನ ಬಾಟ್ಲಿ
ಮುಚ್ಚಳ ಬ್ಯಾರೆ ಮೈ ಬ್ಯಾರೆ ಆರಸ್ತೀವಿ.

ಆಮ್ಯಾಲೆ ಈ ಪಾಕೀಟು.
ಹೊರಗ ಟೊಮ್ಯಾಟೊ ನಗತದ, ಒಳಗ ಬೆಳ್ಳಿ.
ಐದು ರೂಪಾಯಿ ಐದೇ ಉಳೀತು,
ಪಾಕೀಟು ಉಬ್ಬಿತು, ತಿನ್ನೂದು ಸಣ್ಣಾತು.
ಗಾಳಿ ಜಿಲಾನಿ ಸಾಬನೂ ಮಾರತಿದ್ದ ಖರೆ,
ಆದರ ಅವನ ಗಾಳಿ ಮೂಗಿಗೆ ಏರತಿತ್ತು.
ಇದನ್ನ ನಾ ಕೊಳ್ಳೂದಿಲ್ಲ. ಯಾರೂ ಕೊಳ್ಳೂದಿಲ್ಲ.
ಚರಂಡ್ಯಾಗ ತೇಲೂ ಬೆಳ್ಳಿ ತೋರಿಸಿ
ಆರಿಸೂ ಹುಡುಗ ಸುಂಕಪ್ಪ ದಿನಾ ಕೇಳತಾನ:
‘ಅಕ್ಕಾ, ಇಷ್ಟು ಹೊಳೀತದ, ಯಾಕ ಬ್ಯಾಡ?’

ಮೊನ್ನಿ ಕಿಲ್ಲಾದಾಗ ಹಳೇ ಗ್ವಾಡಿ ಕೆಡವಿದರು.
ಮಣ್ಣು ಮೆತ್ತಿದ್ದೊಂದು ಬಾಟ್ಲಿ ಸುಂಕಪ್ಪ ತಂದ.
ತೊಳದ್ನಿ. ಬೆರಳಾಡಿಸಿದ್ನಿ.
‘ನೂ’ ಅದ, ‘ರಿ’ ಅದ, ಊರಿನ ಹೆಸರು ಅರ್ಧ ಸವದದ.
ಹೈದ್ರಾಬಾದ ರಸ್ತೇದ ಹೊಸ ಹೋಟೆಲಿನಾಂವ
ಒಳಗ ದೀಪ ಹಚ್ಚಿ ತೂಗುಬಿಡ್ತೀನಿ, ಮುನ್ನೂರು ತಗೋ ಅಂದ.
ತಕ್ಕಡ್ಯಾಗ ಇಟ್ನಿ, ತಗದ್ನಿ. ಮತ್ತ ಇಟ್ನಿ.

ಸುಂಕಪ್ಪ ಕಿವಿ ಹತ್ತಿರ ಹಿಡಿದು ಅಳ್ಳಾಡಿಸಿದ.
‘ಅಕ್ಕಾ, ಒಳಗ ಗೋಲಿ ಅದ!
ಒಡೀಲಾರದ ಹೆಂಗ ತಗೀತಿದ್ರಿ?’

ಗೊತ್ತಿಲ್ಲಪಾ, ಅಂದ್ನಿ.
ನಲವತ್ತಾರು ಸಲ
ಗೊತ್ತಿಲ್ಲ.